ಮರೆ ಹಿಡಿದವಳು

ಬಟ್ಟೆ ಬೀರುವಿನೊಳಗೆ ಕೂತು ಹೆಡ್‌ಫೋನ್ ಏರಿಸಿಕೊಂಡರೆ ಮನೆಗಳು ಹಾಡುತ್ತವೆ. ಸೋಂಕು ಬಂದು ಕಾಲೇಜು ಮುಚ್ಚಿದ ಮೇಲೆ ಕತ್ತರಿಗೆ ಇದು ಗೊತ್ತಾಯಿತು. ಒಂದು ಮನೆಯ ಫ್ರಿಜ್ಜು ಮಂದ್ರದಲ್ಲಿ ಗೊರಕೆ ಹೊಡೆಯುತ್ತದೆ. ಇನ್ನೊಂದರ ಫ್ಯಾನು ಸುತ್ತಿಗೊಮ್ಮೆ ಟಿಕ್ ಎಂದು ತಾಳ ಹಾಕುತ್ತದೆ. ಮತ್ತೊಂದು ಮನೆಯಲ್ಲಿ, ಮಗ ಉಸಿರು ಬಿಗಿಹಿಡಿದು ಮೇಲಿನ ಸ್ವರಕ್ಕೆ ಕಾಲಿಡುವ ಹೊತ್ತಿಗೇ ಅವನ ಅಪ್ಪ ಸೀನುತ್ತಾರೆ. ಆ ಸೀನನ್ನು ಕತ್ತರಿಸಿ ತೆಗೆಯುವುದು ಅವಳ ಕೆಲಸ. ಕತ್ತರಿ ಎಂಬ ಅಡ್ಡಹೆಸರು ಬಂದದ್ದೂ ಅದರಿಂದಲೇ.

ಸಂಗೀತ ಕಾಲೇಜಿನ ವೃಂದಗಾನದ ತಂಡ ಈಗ ಒಂದೇ ಕೋಣೆಯಲ್ಲಿ ನಿಂತು ಹಾಡುವಂತಿರಲಿಲ್ಲ. ಮೇಷ್ಟ್ರು ಹಾಡಿನ ಮಾದರಿಯೊಂದನ್ನು ಎಲ್ಲರಿಗೂ ಕಳಿಸುತ್ತಿದ್ದರು. ಪ್ರತಿಯೊಬ್ಬರೂ ಅದನ್ನು ಕಿವಿಯಲ್ಲಿಟ್ಟುಕೊಂಡು, ಫೋನಿನ ಮುಂದೆ ಒಬ್ಬರೇ ನಿಂತು ತಮ್ಮ ಪಾಲನ್ನು ಹಾಡಿ, ವಿಡಿಯೋ ಮಾಡಿ ಕತ್ತರಿಗೆ ಕಳಿಸಬೇಕು. ಅವಳು ಒಂದೊಂದೇ ದನಿಯನ್ನು ಬೇರೆಯಾಗಿ ಕೇಳಿ, ಕುಕ್ಕರಿನ ಸೀಟಿ, ನಾಯಿಯ ಬೊಗಳಿಕೆ, ಪಕ್ಕದ ಮನೆಯ ಜಗಳ ಎಲ್ಲ ಆರಿಸಿ ಬಿಸಾಡಿ, ಉಳಿದದ್ದನ್ನು ಒಂದರ ಮೇಲೊಂದು ಹಾಸಿ, ಪರದೆಯ ಪುಟ್ಟ ಚೌಕಗಳಲ್ಲಿ ಮುಖಗಳನ್ನು ಜೋಡಿಸಿದರೆ ಹಾಡು ಸಿದ್ಧ. ವರ್ಷದ ಅಂಕಗಳೆಲ್ಲ ಇದರ ಮೇಲೇ. ಎಲ್ಲ ದನಿಗಳನ್ನೂ ಬಿಡಿಬಿಡಿಯಾಗಿ ಕೇಳುವವಳು ಅವಳೊಬ್ಬಳೇ. ಉಳಿದವರ ಕಿವಿಗೆ ಹೋಗುವುದು ಬೆರಕೆ ಮಾತ್ರ.

ಹಾಗಾಗಿ ನಗಾರಿಯ ದನಿ ಇಲ್ಲ ಎಂಬುದು ಮೊದಲು ತಿಳಿದದ್ದೂ ಅವಳಿಗೇ.

ನಗಾರಿ ತಂಡದಲ್ಲಿ ಅವಳ ಪಕ್ಕದಲ್ಲಿ ನಿಲ್ಲುವ ಗೆಳತಿ. ಅವಳು ಬಾಯಿ ತೆರೆದರೆ ಹಿಂದಿನ ಸಾಲಿನ ಹುಡುಗರು ಕಿವಿ ಮುಚ್ಚಿಕೊಳ್ಳುವ ನಾಟಕ ಆಡುತ್ತಿದ್ದರು. ಕಿಟಕಿಯ ಗಾಜು ಅದುರುತ್ತದೆ ಎಂದು ಮೇಷ್ಟ್ರು ಗದರಿದಂತೆ ನಟಿಸಿ ಒಳಗೊಳಗೇ ಹಿಗ್ಗುತ್ತಿದ್ದರು. ಅಂಥವಳ ವಿಡಿಯೋದಲ್ಲಿ ಬಾಯಿ ಎಂದಿನಂತೆ ಅಗಲವಾಗಿ ತೆರೆಯುತ್ತಿತ್ತು, ಹುಬ್ಬು ಎಂದಿನಂತೆ ಮೇಲೇರುತ್ತಿತ್ತು. ಹೆಡ್‌ಫೋನಿನಲ್ಲಿ ಮಾತ್ರ ಬರೀ ಕೋಣೆ. ದೂರದಲ್ಲಿ ಅವಳಮ್ಮ ಮಾಸ್ಕು ಹೊಲಿಯುವ ಮಷಿನ್ನಿನ ಗರಗರ. ಮೈಕು ಕೆಟ್ಟಿರಬೇಕು ಎಂದುಕೊಂಡು ಕತ್ತರಿ ಸದ್ದನ್ನು ಹಿಗ್ಗಿಸಿದಳು. ಉಸಿರು ಕೇಳಿಸಿತು. ತುಟಿ ಬಿಟ್ಟುಕೊಳ್ಳುವ ಸಣ್ಣ ಚಪ್ಪರಿಕೆಯೂ ಕೇಳಿಸಿತು. ಮೈಕು ಸರಿಯಾಗಿಯೇ ಇತ್ತು.

‘ಏನೇ ಇದು, ಮೂಕಾಭಿನಯ ಪರೀಕ್ಷೆನಾ?’ ಎಂದು ಸಂದೇಶ ಕಳಿಸಿದಳು.

‘ಗಂಟಲು ಕಟ್ಟಿದೆ ಕಣೇ. ಮರೆ ಹಿಡಿ,’ ಎಂದು ಉತ್ತರ ಬಂತು. ಜೊತೆಗೆ ನಗುವ ಮುಖ.

ಮರೆ ಹಿಡಿಯುವುದು ತಂಡದ ಹಳೆಯ ಪದ್ಧತಿ. ಒಬ್ಬರ ಗಂಟಲು ಕೈಕೊಟ್ಟ ದಿನ ಅವರು ಬರೀ ತುಟಿ ಆಡಿಸುತ್ತಾರೆ. ಅಕ್ಕಪಕ್ಕದವರು ತಮ್ಮ ದನಿಯನ್ನು ಒಂದಿಷ್ಟು ಏರಿಸಿ ಆ ಖಾಲಿ ಜಾಗವನ್ನು ತುಂಬುತ್ತಾರೆ. ಬಯಲಲ್ಲಿ ಬಟ್ಟೆ ಬದಲಿಸುವವರಿಗೆ ಟವೆಲ್ ಹಿಡಿದು ನಿಂತಂತೆ. ಎರಡೇ ನಿಯಮ: ಮೇಷ್ಟ್ರಿಗೆ ಹೇಳಬಾರದು, ಮತ್ತೆ ಯಾವತ್ತೂ ಆ ಮಾತು ಎತ್ತಬಾರದು. ಹಿರಿಯರು ಕಿರಿಯರಿಗೆ ಮೊದಲ ವಾರವೇ ಇದನ್ನು ಹೇಳಿಕೊಡುತ್ತಾರೆ. ಕತ್ತರಿಗೆ ಹೇಳಿಕೊಟ್ಟವಳು ನಗಾರಿಯೇ. ಮೊದಲ ಕಾರ್ಯಕ್ರಮದಲ್ಲಿ ಹೆದರಿ ಕತ್ತರಿಯ ನಾಲಿಗೆ ಒಣಗಿ ಕಟ್ಟಿಗೆಯಾದಾಗ, ಇಬ್ಬರ ಹಾಡನ್ನೂ ಒಬ್ಬಳೇ ಹಾಡಿದವಳೂ ಅವಳೇ.

ಈಗ ಅಕ್ಕಪಕ್ಕ ಎನ್ನುವುದೇ ಇಲ್ಲ. ಹಾಗಾದರೆ ಹೇಗೆ ಮರೆ ಹಿಡಿಯುವುದು? ಕತ್ತರಿ ಬೀರುವಿನ ಬಾಗಿಲೆಳೆದುಕೊಂಡು, ಅಮ್ಮನ ಚಳಿಗಾಲದ ಕೋಟಿಗೆ ಮುಖವಿಟ್ಟು, ನಗಾರಿಯ ಪಾಲನ್ನು ನಗಾರಿಯ ಹಾಗೇ ಹಾಡಿದಳು. ಎದೆಯಿಂದ ನೂಕಿ, ಸಾಲಿನ ತುದಿಯನ್ನು ತುಸು ಎಳೆದು. ಆ ತುಟಿಗಳಿಗೆ ಸರಿಯಾಗಿ ಸದ್ದನ್ನು ಕೂರಿಸಿದಳು.

ಹೊರಗಿನಿಂದ ಅಜ್ಜಿ ಊರುಗೋಲಲ್ಲಿ ಬೀರುವಿಗೆ ಕುಟ್ಟಿದಳು. “ಯಾರೇ ಅದು ಒಳಗೆ?”

“ನಾನೇ ಅಜ್ಜೀ.”

“ನೀನು ಇಷ್ಟು ಚೆನ್ನಾಗಿ ಹಾಡಲ್ವಲ್ಲ!”

ಕತ್ತರಿ ನಕ್ಕಳು. ನಿಜ ಹೇಳಬೇಕೆಂದರೆ, ಅದನ್ನು ಹೊಗಳಿಕೆ ಎಂದೇ ತೆಗೆದುಕೊಂಡಳು.

ಮುಂದಿನ ಹಾಡಿಗೂ ನಗಾರಿಯ ಗಂಟಲು ಬರಲಿಲ್ಲ. ಅದರ ಮುಂದಿನದಕ್ಕೂ. ಕತ್ತರಿ ಕೇಳುವುದನ್ನೂ ಬಿಟ್ಟಳು, ಅವಳು ಹೇಳುವುದನ್ನೂ ಬಿಟ್ಟಳು. ಮೂಕ ವಿಡಿಯೋ ಬರುತ್ತಿತ್ತು, ಇವಳು ದನಿ ಹಾಕುತ್ತಿದ್ದಳು. ದಿನ ಹೋದಂತೆ ಕೈ ಪಳಗಿತು. ಹೊಲಿಗೆಯ ಗರಗರವನ್ನು ಪೂರ್ತಿ ಒರೆಸುವುದು, ಮೇಲಿನ ಮನೆಯವರು ಕುಟ್ಟುವ ದಿಮ್ ದಿಮ್ ಎಂಬ ಸದ್ದನ್ನು ಹುಡುಕಿ ಕಿತ್ತುಹಾಕುವುದು, ನಡುವೆ ಸಹಜವಾಗಿರಲಿ ಎಂದು ಒಂದು ಉಸಿರನ್ನು ಬಿಡುವುದು. ತಂಡದ ವಿಡಿಯೋ ಸಭೆಯಲ್ಲಿ ಮೇಷ್ಟ್ರು ಕನ್ನಡಕ ಒರೆಸಿಕೊಳ್ಳುತ್ತ ಹೇಳಿದರು: “ನಗಾರಿ, ಮನೇಲಿ ಕೂತು ನಿನ್ನ ದನಿ ಹದಕ್ಕೆ ಬಂದಿದೆಯಮ್ಮ. ಮುಂದಿನ ಹಾಡಲ್ಲಿ ಒಬ್ಬರೇ ಹಾಡೋ ಒಂಟಿ ಸಾಲು ನಿನಗೇ ಕೊಡ್ತೀನಿ.”

ಎಲ್ಲ ಚೌಕಗಳಲ್ಲೂ ಕೈಗಳು ಚಪ್ಪಾಳೆ ತಟ್ಟಿದವು. ನಗಾರಿಯ ಚೌಕದಲ್ಲಿ ಅವಳ ಫೋಟೋ ಮಾತ್ರ ಇತ್ತು. ಅಲ್ಲಿ ಅವಳು ಬಾಯಿ ತುಂಬ ನಗುತ್ತಿದ್ದಳು. “ನೆಟ್‌ವರ್ಕ್ ಸರಿ ಇಲ್ಲ ಸರ್ ಅವಳದ್ದು,” ಎಂದಳು ಕತ್ತರಿ. ಅದೂ ರೂಢಿಯಾಗಿತ್ತು.

ಒಂಟಿ ಸಾಲಿನ ವಿಡಿಯೋ ಒಂದು ಮಧ್ಯಾಹ್ನ ಬಂತು. ಎಂದಿಗಿಂತ ಬಹಳ ಉದ್ದವಿತ್ತು. ತುಟಿಗಳು ಒಂಟಿ ಸಾಲನ್ನು ಮುಗಿಸಿದವು. ನಗಾರಿ ಫೋನು ನಿಲ್ಲಿಸಲು ಕೈ ಚಾಚಿ, ಎಲ್ಲೋ ತಪ್ಪು ಒತ್ತಿ, ನಿಲ್ಲಿಸಿದೆನೆಂದುಕೊಂಡು ಹಿಂದೆ ಸರಿದಳು. ಕತ್ತರಿ ಉಳಿದದ್ದನ್ನು ಅಳಿಸಲು ಹೋದವಳು, ಬಾಗಿಲು ತಟ್ಟುವ ಸದ್ದು ಕೇಳಿ ತಡೆದಳು.

“ಊಟ ಮಾಡಿದ್ಯಾ?” ನಗಾರಿಯ ಅಮ್ಮನ ದನಿ, ಬಾಗಿಲಾಚೆಯಿಂದ.

“ಆಯ್ತಮ್ಮ. ಹಾಡ್ತಿದೀನಿ.”

“ಹಾಡು ಹಾಡು. ಈ ಮಷಿನ್ ಸದ್ದಲ್ಲಿ ನಂಗೆ ನಿನ್ನ ಹಾಡು ಕೇಳ್ಸೋದೇ ಇಲ್ಲ ನೋಡು. ವಿಡಿಯೋ ಬಂದ್ಮೇಲೇ ಕೇಳೋ ಭಾಗ್ಯ.”

ಮಷಿನ್ನು ಮತ್ತೆ ಗರಗರ ಎಂದಿತು. ನಗಾರಿ ಮೇಜಿನ ಮೇಲಿದ್ದ ತಟ್ಟೆಯ ಊಟವನ್ನು ಒಂದು ಪ್ಲಾಸ್ಟಿಕ್ ಚೀಲಕ್ಕೆ ಸುರಿದಳು, ಚೀಲಕ್ಕೆ ಗಂಟು ಹಾಕಿದಳು, ಮಂಚದ ಕೆಳಗೆ ತಳ್ಳಿದಳು. ಇದನ್ನು ದಿನವೂ ಮಾಡುವವಳ ಅಚ್ಚುಕಟ್ಟು ಅವಳ ಕೈಯಲ್ಲಿತ್ತು. ಆಮೇಲೆ ಕಪಾಟಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತಳು. ತಲೆಯನ್ನು ಹಿಂದಕ್ಕೆ ಬಿಟ್ಟಳು. ಕಪಾಟಿನ ಮರಕ್ಕೆ ತಲೆ ತಾಗಿತು. ದಿಮ್. ಸ್ವಲ್ಪ ಹೊತ್ತು. ದಿಮ್. ಸಿಟ್ಟಿರಲಿಲ್ಲ ಅದರಲ್ಲಿ, ಮಗುವಿನ ಬೆನ್ನು ತಟ್ಟಿ ಮಲಗಿಸುವಂಥ ಲಯ. ದಿಮ್.

ಕತ್ತರಿ ಹೆಡ್‌ಫೋನ್ ಕಿತ್ತಳು. ಮತ್ತೆ ಹಾಕಿಕೊಂಡಳು. ಒರೆಸುವ ಮುಂಚಿನ ಹಳೆಯ ಫೈಲುಗಳನ್ನೆಲ್ಲ ಒಂದಾದ ಮೇಲೊಂದು ತೆರೆದಳು. ಪ್ರತಿ ಹಾಡು ಶುರುವಾಗುವ ಮುಂಚೆ, ಪ್ರತಿ ಹಾಡು ಮುಗಿದ ಮೇಲೆ, ಅದೇ ಸದ್ದು. ಮೇಲಿನ ಮನೆ ಎಲ್ಲಿಂದ ಬರಬೇಕು? ನಗಾರಿಯ ಮನೆ ಇದ್ದದ್ದೇ ಕಟ್ಟಡದ ಕೊನೆಯ ಮಹಡಿಯಲ್ಲಿ. ಅವಳ ಮನೆಯ ಮೇಲೆ ನೀರಿನ ಟ್ಯಾಂಕು ಬಿಟ್ಟರೆ ಆಕಾಶ. ಇದು ಕತ್ತರಿಗೆ ಚೆನ್ನಾಗಿ ಗೊತ್ತಿತ್ತು. ಆ ತಾರಸಿಯಲ್ಲೇ ಇಬ್ಬರೂ ಗಂಟಲು ಹರಿಯುವಂತೆ ಅಭ್ಯಾಸ ಮಾಡಿದ್ದರು. ತಲೆಗೆ ಗೊತ್ತಿದ್ದದ್ದನ್ನು ಕತ್ತರಿಸುವ ಕೈ ಕೇಳಿಸಿಕೊಂಡಿರಲಿಲ್ಲ.

ಫೋನು ಮಾಡಿದಳು. ಮೊದಲ ಸಲ ಎತ್ತಲಿಲ್ಲ. ಎರಡನೆಯ ಸಲವೂ ಇಲ್ಲ. ಆಮೇಲೆ ಎತ್ತಿದಳು.

“ಹೂಂ.” ಪಿಸುದನಿ.

“ವಿಡಿಯೋ ಉದ್ದ ಬಂದಿದೆ ಕಣೇ.”

ನಗಾರಿಗೆ ಅರ್ಥವಾಯಿತು. “ಅಳಿಸ್ಬಿಡು,” ಎಂದಳು.

“ಏನಾಗಿದೆ ನಿಂಗೆ?”

“ಗಂಟಲು.”

“ಗಂಟಲು ಕಟ್ಟಿದ್ರೆ ಊಟ ಮಂಚದ ಕೆಳಗೆ ಹೋಗುತ್ತೇನೇ?”

“ಲಾಯರಾಗು ಹೋಗು ನೀನು.” ನಗಲು ನೋಡಿದಳು, ಆಗಲಿಲ್ಲ. ಆಮೇಲೆ ಪಿಸುದನಿಯಲ್ಲೇ, ಯಾರದೋ ಸುದ್ದಿ ಓದುವಂತೆ ಹೇಳಿದಳು. “ಬಾಯಿ ತೆರೆದ್ರೆ ಬರಲ್ಲ ಕಣೇ. ಬರುತ್ತೆ ಅನ್ಸಿದ ಕೂಡ್ಲೇ ಪಿಯಾನೋ ಅಕ್ಕನ ಮುಖ ಕಾಣುತ್ತೆ.”

ಪಿಯಾನೋ ಅಕ್ಕ ತಂಡಕ್ಕೆ ನುಡಿಸುತ್ತಿದ್ದವರು. ಕೊನೆಯ ಅಭ್ಯಾಸದ ದಿನ ನಗಾರಿಯ ಎದುರಿಗೇ ಕೂತಿದ್ದರು. ಮರುವಾರ ಅವರಿಗೆ ಸೋಂಕು ತಗುಲಿ ಆಸ್ಪತ್ರೆ ಸೇರಿದ್ದರು. ಹಾಡಿದರೆ ಉಸಿರಿನ ಜೊತೆ ರೋಗ ದೂರದವರೆಗೆ ಹೋಗುತ್ತದೆ ಎಂಬ ಸುದ್ದಿ ಆಗಷ್ಟೇ ಹರಡಿತ್ತು. ‘ನಗಾರಿ ಒಂದು ಸಲ ಬಾರಿಸಿದ್ದಕ್ಕೇ ಅಕ್ಕ ಮಲಗಿಬಿಟ್ರು’ ಎಂದು ಹಿಂದಿನ ಸಾಲಿನವನೊಬ್ಬ ತಂಡದ ಗುಂಪಿನಲ್ಲಿ ಬರೆದಿದ್ದ. ಎಲ್ಲರೂ ನಗುವ ಮುಖ ಹಾಕಿದ್ದರು. ಕತ್ತರಿಯೂ. ನಗಾರಿಯೂ.

“ಅಕ್ಕ ವಾಸಿಯಾಗಿ ಮನೆಗೆ ಬಂದಾಯ್ತಲ್ಲೇ! ಮೊನ್ನೆ ಫೋಟೋ ಹಾಕಿದ್ರು. ನಿನಗೆ ಸೋಂಕೇ ಇರ್ಲಿಲ್ಲ ಅಂತ ಪರೀಕ್ಷೇಲಿ ಬಂತು.”

“ಗೊತ್ತು. ಎಲ್ಲಾ ಗೊತ್ತು. ಗೊತ್ತಿದ್ರೂ ಗಂಟಲಿಗೆ ಗೊತ್ತಾಗ್ತಿಲ್ಲ, ಏನ್ ಮಾಡ್ಲಿ? ಈಗ ಉಸಿರಾಡೋಕೂ ಬೇಜಾರು. ಅಮ್ಮ ಹತ್ರ ಬಂದ್ರೆ ಉಸಿರು ಹಿಡ್ಕೋತೀನಿ.”

“ಅಮ್ಮಂಗೆ ಹೇಳು.”

“ಬೇಡ.” ಪಿಸುದನಿ ಗಟ್ಟಿಯಾಯಿತು. “ನೀನೂ ಹೇಳ್ಬೇಡ. ಮರೆ ಹಿಡಿದ ಮೇಲೆ ಬಾಯಿ ಬಿಡೋ ಹಾಗಿಲ್ಲ. ಎಷ್ಟು ಚೆನ್ನಾಗಿ ನಡೀತಿದೆ ನೋಡು. ಮೇಷ್ಟ್ರಿಗೆ ಖುಷಿ, ಅಮ್ಮಂಗೆ ಖುಷಿ. ನಾನಿಲ್ದೆ ಇದ್ರೂ ನಡೆಯುತ್ತೆ ಅಂತ ನೀನೇ ತೋರಿಸ್ಕೊಟ್ಟಿದೀಯಲ್ಲ.”

“ಹಾಗಂದ್ರೆ ಏನೇ?”

“ಏನಿಲ್ಲ. ಸುಸ್ತು. ಇಡ್ತೀನಿ.”

ಇಟ್ಟಳು. ಮತ್ತೆ ಎಷ್ಟು ಸಲ ಮಾಡಿದರೂ ಎತ್ತಲಿಲ್ಲ. ಅವಳ ಅಮ್ಮನ ನಂಬರು ಕತ್ತರಿಯ ಬಳಿ ಇರಲಿಲ್ಲ. ಗೆಳತಿಯ ಅಮ್ಮನಿಗೆ ಫೋನು ಮಾಡುವ ಪ್ರಸಂಗ ಯಾರಿಗೆ ಬರುತ್ತದೆ? ಬೀರುವಿನಿಂದ ಹೊರಬಿದ್ದವಳ ಮುಖ ನೋಡಿ ಅಜ್ಜಿ ಏನೂ ತಮಾಷೆ ಮಾಡಲಿಲ್ಲ.

ಅಷ್ಟರಲ್ಲಿ ಕತ್ತರಿಯ ಅಮ್ಮ ಬಂದರು. ಅಮ್ಮನದು ಔಷಧಿ ಅಂಗಡಿಯ ಕೆಲಸ. ಸಂಜೆ ಬಂದವರು ಯಾರನ್ನೂ ಮುಟ್ಟದೆ, ಯಾರ ಮಾತಿಗೂ ನಿಲ್ಲದೆ ಸೀದಾ ಬಚ್ಚಲಿಗೆ ನಡೆಯುತ್ತಿದ್ದರು. ಸ್ನಾನ ಆಗುವ ತನಕ ಈ ಮನೆಯಲ್ಲಿ ಅವರು ಬರೀ ಒಂದು ನೆರಳು. ಕತ್ತರಿ ಹೊಸ್ತಿಲಲ್ಲೇ ಅಡ್ಡ ನಿಂತಳು.

“ಸರಿ ಅತ್ಲಾಗೆ. ಮೈಯೆಲ್ಲಾ ಅಂಗಡಿ.”

“ಅಮ್ಮ, ನಿಲ್ಲು. ಇಲ್ಲೇ ಕೇಳು.”

ಕೇಳಿದರು. ಒಂದು ಕಾಲಿನ ಚಪ್ಪಲಿ ಬಿಟ್ಟಿದ್ದರು, ಇನ್ನೊಂದರದ್ದು ಬಿಟ್ಟಿರಲಿಲ್ಲ. ಮಗಳು ಅರ್ಧ ಹೇಳುವಷ್ಟರಲ್ಲೇ ಬಿಟ್ಟ ಚಪ್ಪಲಿಯನ್ನು ಮತ್ತೆ ಮೆಟ್ಟಿಕೊಂಡರು.

“ಅವಳು ಮತ್ತೆ ನನ್ನ ಮುಖ ನೋಡಲ್ಲಮ್ಮ.”

“ನೋಡ್ದೇ ಇದ್ರೆ ಬೇಡ ಬಿಡೇ. ಅವಳು ಇದ್ರೆ ಸಾಕು. ಮಾಸ್ಕ್ ಹಾಕು, ನಡಿ.”

ಬೀದಿ ಬರಿದಾಗಿತ್ತು. ಮುಚ್ಚಿದ ಅಂಗಡಿಗಳ ಮುಂದೆ ಜನ ನಿಲ್ಲಲೆಂದು ಬಳಿದಿದ್ದ ಬಿಳಿ ವೃತ್ತಗಳಲ್ಲಿ ನಾಯಿಗಳು ಒಂದೊಂದಾಗಿ ಮಲಗಿದ್ದವು. ತಿರುವಿನಲ್ಲಿ ಪೊಲೀಸಿನವನು ಲಾಠಿ ಅಡ್ಡ ಹಿಡಿದ. ಅಮ್ಮ ಅಂಗಡಿಯ ಪಾಸು ತೋರಿಸಿದರು.

“ಇದು ನಿಮ್ದು. ಈ ಹುಡುಗಿ?”

“ಇವಳೇ ಔಷಧಿ. ತಲುಪಿಸ್ಬೇಕು. ದಾರಿ ಬಿಡಪ್ಪ.”

ಅಮ್ಮನ ಧಾಟಿಗೆ ಅವನು ನಗಬೇಕೋ ಬೇಡವೋ ತಿಳಿಯದೆ ದಾರಿ ಬಿಟ್ಟ.

ಕೊನೆಯ ಮಹಡಿ. ಏದುಸಿರಿಗೆ ಮಾಸ್ಕು ಮೂಗಿಗೆ ಅಂಟುತ್ತಿತ್ತು. ನಗಾರಿಯ ಅಮ್ಮ ಬಾಗಿಲನ್ನು ಸರಪಳಿ ಬಿಡುವಷ್ಟೇ ಅಗಲಕ್ಕೆ ತೆರೆದರು. ಕೊರಳಲ್ಲಿ ಅಳತೆ ಟೇಪು, ತೋಳಿನ ತುಂಬ ನೀಲಿ ದಾರದ ತುಣುಕುಗಳು. ಹಿಂದೆ ನಡುಮನೆಯಲ್ಲಿ ಮಾಸ್ಕುಗಳ ಗುಡ್ಡೆ.

“ಅಯ್ಯೋ, ನೀನಾ! ಈ ಹೊತ್ತಲ್ಲಿ? ಒಳಗೆ ಕರೆಯೋ ಹಾಗೂ ಇಲ್ವಲ್ಲಮ್ಮ.”

“ಆಂಟಿ, ಅವಳಿಗೆ ಹುಷಾರಿಲ್ಲ.”

“ಯಾರಿಗೆ? ನಮ್ಮವಳಿಗಾ? ಜ್ವರ ಇಲ್ಲ, ಕೆಮ್ಮಿಲ್ಲ, ದಿನಾ ನೋಡ್ತೀನಲ್ಲ.”

“ಜ್ವರ ಅಲ್ಲ ಆಂಟಿ. ಅವಳು ಊಟ ಮಾಡ್ತಿಲ್ಲ. ನಿದ್ದೆ ಮಾಡ್ತಿಲ್ಲ ಅನ್ಸುತ್ತೆ. ಹಾಡ್ತಾನೂ ಇಲ್ಲ.”

ಆಂಟಿ ನಕ್ಕೇಬಿಟ್ಟರು. “ಹಾಡ್ತಿಲ್ವಾ! ಹೋದ ವಾರದ ವಿಡಿಯೋ ನಮ್ಮ ಅಕ್ಕಂದಿರಿಗೆಲ್ಲಾ ಕಳಿಸಿದೀನಿ ಕಣಮ್ಮ. ಮುಖ ಸಣ್ಣಗಾಗಿದೆ, ನಿಜ. ಯಾರದ್ದು ದಪ್ಪ ಆಗಿದೆ ಈಗ? ಹಾಡೋವಷ್ಟು ಚೈತನ್ಯ ಇದೆಯಲ್ಲ, ಅದೇ ನಂಗೆ ಧೈರ್ಯ.”

“ಅದು ಅವಳಲ್ಲ ಆಂಟಿ. ನಾನು.”

“ಏನು ನೀನು?”

ಹೇಳಿ ಅರ್ಥ ಮಾಡಿಸುವ ಮಾತಲ್ಲ ಅದು. ಕತ್ತರಿ ಮೆಟ್ಟಿಲ ಕಂಬಿ ಹಿಡಿದುಕೊಂಡಳು. ಮಾಸ್ಕಿನೊಳಗಿಂದಲೇ, ಎದೆಯಿಂದ ನೂಕಿ, ಹೋದ ವಾರದ ಹಾಡಿನಲ್ಲಿ ನಗಾರಿಯ ಪಾಲಿನ ಸಾಲನ್ನು ಹಾಡಿದಳು. ಖಾಲಿ ಮೆಟ್ಟಿಲುಗಳು ಆ ದನಿಯನ್ನು ಕೆಳಗಿನ ಮಹಡಿಗಳವರೆಗೆ ಇಳಿಸಿ ಮತ್ತೆ ಮೇಲಕ್ಕೆ ತಂದವು. ಎಲ್ಲೋ ಒಂದು ಬಾಗಿಲು ತೆರೆದುಕೊಂಡಿತು. ಆಂಟಿಯ ಮುಖದಲ್ಲಿದ್ದ ನಗು ಹಾಗೇ ಇತ್ತು, ಅದರ ಹಿಂದಿದ್ದದ್ದು ಮಾತ್ರ ಹೊರಟುಹೋಗಿತ್ತು. ಮಗಳ ದನಿ ಕಣ್ಣೆದುರಿಗೆ ಬೇರೆ ಯಾರದೋ ಮಾಸ್ಕಿನೊಳಗಿಂದ ಬರುವುದನ್ನು ಅವರು ಕೇಳುತ್ತಿದ್ದರು. ಕೈ ತಾನಾಗಿ ಸರಪಳಿ ಬಿಚ್ಚಿತು.

“ಎಷ್ಟು ದಿನದಿಂದ?” ಎಂದರು.

ಕತ್ತರಿ ಉತ್ತರಿಸುವ ಮುಂಚೆ ಒಳಗಿನ ಕೋಣೆಯ ಚಿಲಕ ಸರಿಯಿತು.

ನಗಾರಿ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ವಿಡಿಯೋದಲ್ಲಿ ಕಾಣುತ್ತಿದ್ದದ್ದು ಭುಜದಿಂದ ಮೇಲೆ ಮಾತ್ರ. ಅದಕ್ಕಷ್ಟೇ ಅವಳು ಕೂದಲು ಬಾಚಿ ಒಳ್ಳೆಯ ಅಂಗಿ ತೊಡುತ್ತಿದ್ದಳು. ಕೆಳಗೆ ಕೊಳೆ ಪೈಜಾಮ, ಎಲುಬು ಎದ್ದ ಪಾದ. “ನಿಲ್ಸೇ,” ಎಂದಳು. “ಬೀದಿಗೆಲ್ಲಾ ಸಾರ್ತಿದೀಯಲ್ಲ, ನಾಚ್ಕೆ ಆಗಲ್ವಾ?”

“ಆಗುತ್ತೆ.”

“ನಾನು ಆ ಸಾಲಿನ ತುದೀನ ಅಷ್ಟು ಎಳೆಯಲ್ಲ. ನೀನು ನನ್ನ ಅಣಕಿಸ್ತಿದೀಯ.”

“ಎಷ್ಟು ಎಳೀತೀಯ ಮತ್ತೆ?”

ನಗಾರಿ ಬಾಯಿ ತೆರೆದಳು. ಗಂಟಲಿನ ನರ ಏರಿತು, ನಿಂತಿತು. ಬಾಯಿ ಮುಚ್ಚಿಕೊಂಡಳು. ಅವಳಮ್ಮ ಮಾಸ್ಕುಗಳ ಗುಡ್ಡೆ ದಾಟಿ ಅವಳ ಕಡೆ ನಡೆದರು. ಅವಳು ಅಂಗೈಯಿಂದ ಮೂಗು ಬಾಯಿ ಮುಚ್ಚಿ ಹಿಂದೆ ಹಿಂದೆ ಸರಿದಳು.

“ಬರ್ಬೇಡಮ್ಮ. ನನ್ನ ಉಸಿರು ತಾಗುತ್ತೆ.”

“ಹುಟ್ಟಿದಾಗಿಂದ ನನ್ನ ಮೂತಿ ಮೇಲೇ ಸೀನ್ಕೊಂಡು ಬಂದಿದೀಯ. ಈಗ ಬಂತಾ ನಿಂಗೆ ಮರ್ಯಾದೆ?” ಆಂಟಿಯ ದನಿ ಒಡೆದಿತ್ತು. ಅವಳ ಕೈಯನ್ನು ಬಾಯಿಂದ ಬಿಡಿಸಿ, ತಲೆಯನ್ನು ತಮ್ಮ ಹೆಗಲಿಗೆ ಎಳೆದುಕೊಂಡರು. ಬೆರಳುಗಳು ತಲೆಯ ಹಿಂಭಾಗಕ್ಕೆ ಹೋಗಿ ಅಲ್ಲಿ ಏನನ್ನೋ ಮುಟ್ಟಿ ನಿಂತುಬಿಟ್ಟವು. ಊದಿಕೊಂಡಿತ್ತು. ಅಂಗೈಯನ್ನು ಅಲ್ಲೇ ಇಟ್ಟುಕೊಂಡರು.

ಕತ್ತರಿಯ ಅಮ್ಮ ಹೊಸ್ತಿಲಾಚೆಯಿಂದಲೇ ಹೇಳಿದರು: “ನಮ್ಮ ಅಂಗಡಿ ಪಕ್ಕದಲ್ಲಿ ಮನಸ್ಸಿನ ಡಾಕ್ಟ್ರಮ್ಮ ಒಬ್ರಿದಾರೆ. ಈಗ ಫೋನಲ್ಲೇ ನೋಡ್ತಾರೆ, ಒಳ್ಳೆಯವರು. ಮಾಡ್ಲಾ?”

ಆಂಟಿ ಮಗಳ ತಲೆಯ ಮೇಲಿಂದಲೇ ಹೂಂ ಎಂದರು. ಅಮ್ಮ ನಂಬರು ಒತ್ತುತ್ತ ಕೆಳಗಿನ ಮೆಟ್ಟಿಲಿಗೆ ಇಳಿದು ಮೆಲ್ಲಗೆ ಮಾತಾಡತೊಡಗಿದರು.

ನಗಾರಿ ಅಮ್ಮನ ಹೆಗಲಿನಿಂದ ಮುಖ ತಿರುಗಿಸಿದಳು. “ಮಾತು ತಪ್ಪಿಬಿಟ್ಟೆ ನೀನು,” ಎಂದಳು ಕತ್ತರಿಗೆ.

“ಹೂಂ.”

“ಒಂಟಿ ಸಾಲು?”

“ಖಾಲಿ ಬಿಡ್ತೀನಿ. ಮೇಷ್ಟ್ರು ಕೇಳಿದ್ರೆ ಹುಷಾರಿಲ್ಲ ಅಂತೀನಿ. ಅದಕ್ಕಿಂತ ಹೆಚ್ಚು ಹೇಳೋದು ನಿಂಗೆ ಬಿಟ್ಟಿದ್ದು.”

“ನಾಳೆ ಬರ್ಬೇಡ. ನಿನ್ನ ನೋಡಿದ್ರೆ ಕಪಾಳಕ್ಕೆ ಹೊಡೀಬೇಕು ಅನ್ಸುತ್ತೆ.”

“ಹೊಡೆಯೋಕೆ ಒಂದಿಷ್ಟು ಊಟ ಮಾಡಿರ್ಬೇಕಾಗುತ್ತೆ.”

ನಗಾರಿಯ ಮುಖದಲ್ಲಿ ನಗುವಿನಂಥದ್ದು ಏನೋ ಬಂದು, ದಾರಿ ಮರೆತು ಹೋಯಿತು.

ಅಮ್ಮ ಮೇಲೆ ಹತ್ತಿ ಬಂದು ಫೋನನ್ನು ಅಂಗಿಯ ತುದಿಗೆ ಒರೆಸಿ ಹೊಸ್ತಿಲ ಮೇಲಿಟ್ಟು ಹಿಂದೆ ಸರಿದರು. ಆಂಟಿ ಎತ್ತಿ ಮಗಳಿಗೆ ಕೊಟ್ಟರು. ಸ್ಪೀಕರು ಹಾಗೇ ಹಾಕಿತ್ತು. ಒಂದು ಹೆಂಗಸಿನ ದನಿ, ಅವಸರವಿಲ್ಲದ್ದು, ಕೇಳಿತು: “ನಮಸ್ಕಾರಮ್ಮ. ಹೇಗಿದೀಯ? ಏನಾಗ್ತಿದೆ ಅಂತ ನೀನೇ ಹೇಳ್ತೀಯಾ?”

ನಗಾರಿ ಫೋನನ್ನು ನೋಡಿದಳು. ಆಂಟಿ ನಿಲ್ಲಿಸದೇ ಬಂದ ಮಷಿನ್ನಿನ ಮೋಟಾರು ಒಂದೇ ಸಮನೆ ಗುಂಯ್ ಎನ್ನುತ್ತಿತ್ತು. ಕತ್ತರಿಯ ಬಾಯಲ್ಲಿ ಉತ್ತರಗಳೆಲ್ಲ ಸಾಲಾಗಿ ನಿಂತಿದ್ದವು: ಊಟ, ಚೀಲ, ಕಪಾಟು, ಪಿಯಾನೋ ಅಕ್ಕ. ತುಟಿ ತೆರೆದೇಬಿಟ್ಟಳು. ಮೆಟ್ಟಿಲ ಕಂಬಿಯನ್ನು ಬಿಗಿಯಾಗಿ ಹಿಡಿದು ಮುಚ್ಚಿಕೊಂಡಳು. ಆಂಟಿಯೂ ಮಾತಾಡಲಿಲ್ಲ. ಅಮ್ಮನೂ ಇಲ್ಲ. ಡಾಕ್ಟ್ರಮ್ಮ ಎರಡನೆಯ ಸಲ ಕೇಳಲಿಲ್ಲ, ಕಾದರು.

“ನಿದ್ದೆ ಬರಲ್ಲ ಡಾಕ್ಟ್ರೇ,” ಎಂದಳು ನಗಾರಿ. ಒರಟಾದ, ತುಕ್ಕು ಹಿಡಿದ, ಕತ್ತರಿ ಯಾವ ಹಾಡಿನಲ್ಲೂ ಕೇಳಿರದ ದನಿ ಅದು. ಒಮ್ಮೆ ಕೆಮ್ಮಿ, ಗಂಟಲು ಸರಿಮಾಡಿಕೊಂಡು, ಮತ್ತೊಂದು ಮಾತಿಗೆ ಉಸಿರೆಳೆದುಕೊಂಡಳು.